ಉಳಿದ ಮೂರು ಭ್ರೂಣಗಳನ್ನು ಸಂಶೋಧನೆಗೆ ಕೊಟ್ಟರೆ ಪಾಪವಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಐವಿಎಫ್ ಮಾಡಿಸಿ ಮಗಳು ಹುಟ್ಟಿದಳು. ಈಗ ಅವಳಿಗೆ ಮೂರು ವರ್ಷ. ನಮ್ಮ ಇನ್ನೂ ಮೂರು ಭ್ರೂಣಗಳು ಆಸ್ಪತ್ರೆಯಲ್ಲಿ ಫ್ರೀಜ್ ಆಗಿ ಉಳಿದಿವೆ. ಇನ್ನೊಂದು ಮಗು ಬೇಡ ಅಂತ ಇಬ್ಬರೂ ತೀರ್ಮಾನಿಸಿದ್ದೇವೆ. ಈ ಸಲ ಬಂದ ಫಾರಂನಲ್ಲಿ ಮೂರು ಆಯ್ಕೆ ಇದೆ: ಇನ್ನೂ ಇಡಿ, ಅಳಿಯಲು ಬಿಡಿ, ಸ್ಟೆಮ್ ಸೆಲ್ ಸಂಶೋಧನೆಗೆ ಕೊಡಿ. ನಮ್ಮ ಯಜಮಾನರು ಕೊಡೋಣ ಅನ್ನುತ್ತಾರೆ. ಅತ್ತೆ, "ಜೀವ ಇರೋದನ್ನ ಕೊಯ್ಯೋಕೆ ಕೊಡ್ತೀರಾ? ಅದು ಭ್ರೂಣಹತ್ಯೆ" ಅಂತ ಒಂದು ದಿನ ಊಟವನ್ನೇ ಬಿಟ್ಟರು. ಇನ್ನೊಂದು ವಿಷಯ. ನನ್ನ ಮೈದುನ ಎರಡು ವರ್ಷದ ಹಿಂದೆ ಕೊಳೆ ರೋಗದ ಔಷಧಿ ಹೊಡೆಯುವಾಗ ಅಡಿಕೆ ಮರದಿಂದ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಹೊರರಾಜ್ಯದ ಒಂದು ಕ್ಲಿನಿಕ್‌ನವರು ಅವನ ಹೊಟ್ಟೆಯ ಕೊಬ್ಬಿನಿಂದಲೇ ಸ್ಟೆಮ್ ಸೆಲ್ ತೆಗೆದು ಬೆನ್ನಿಗೆ ಕೊಡುತ್ತಾರಂತೆ. ಆರು ಲಕ್ಷ. "ಇದರಲ್ಲಿ ಭ್ರೂಣ ಇಲ್ಲ, ಪಾಪದ ಮಾತೇ ಇಲ್ಲ" ಅಂದಿದ್ದಾರೆ. ಅತ್ತೆ ಇದಕ್ಕೆ ಒಪ್ಪಿದ್ದಾರೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಅತ್ತೆ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಆದರೆ ಎರಡು ಕಡೆ ಕೇಳಬೇಕಾದ ಪ್ರಶ್ನೆಯನ್ನು ಒಂದು ಕಡೆ ಮಾತ್ರ ಕೇಳಿದ್ದಾರೆ. ಅದು ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಮೊದಲು ಭ್ರೂಣದ ವಿಷಯ.

ಮೂವತ್ತು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಮಾಡಿದವನು ನಾನು. ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲೂ ಕೂತಿದ್ದೇನೆ. ಶಾಸ್ತ್ರ ಓದಿದ್ದು ಮನೆಯಲ್ಲಿ, ಅಜ್ಜನ ಹತ್ತಿರ, ಅದೂ ಅರ್ಧಂಬರ್ಧ. ಹಾಗಾಗಿ ಶಾಸ್ತ್ರದ ಮಾತು ಬಂದಾಗ ನನ್ನನ್ನು ನಂಬುವ ಬದಲು ನಿಮ್ಮ ಮಠದಲ್ಲೂ ಒಮ್ಮೆ ಕೇಳಿ.

ಫ್ರೀಜ್ ಆಗಿರುವುದು ಏನು ಅನ್ನುವುದು ಗೊತ್ತಿರಲಿ. ಸಾಮಾನ್ಯವಾಗಿ ಐದನೇ ದಿನದ ಭ್ರೂಣವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ಆ ಹೊತ್ತಿಗೆ ಅದು ನೂರು, ನೂರೈವತ್ತು ಕೋಶಗಳ ಒಂದು ಪುಟ್ಟ ಗುಳ್ಳೆ. ರಾಗಿ ಕಾಳಿಗಿಂತ ಎಷ್ಟೋ ಚಿಕ್ಕದು. ಗುಳ್ಳೆಯ ಹೊರಪದರ ಮುಂದೆ ಮಾಸು ಆಗುತ್ತದೆ. ಒಳಗೆ ಒಂದು ಬದಿಗೆ ಅಂಟಿಕೊಂಡ ಸಣ್ಣ ಗುಂಪಿನಿಂದ ಮಗು. ಆ ಒಳಗಿನ ಗುಂಪನ್ನು ಬಿಡಿಸಿ ತಟ್ಟೆಯಲ್ಲಿ ಬೆಳೆಸಿದರೆ ಅದೇ ಭ್ರೂಣದ ಸ್ಟೆಮ್ ಸೆಲ್. ಕನ್ನಡದ ಪುಸ್ತಕಗಳಲ್ಲಿ ಆಕರ ಕೋಶ, ಕಾಂಡಕೋಶ ಅಂತೆಲ್ಲ ಬರೆಯುತ್ತಾರೆ. ನಿಮ್ಮ ತೋಟದಲ್ಲಿ ಟಿಶ್ಯೂ ಕಲ್ಚರ್ ಬಾಳೆ ಇದ್ದರೆ ಅತ್ತೆಗೆ ಅದನ್ನು ತೋರಿಸಿ. ಬಾಳೆ ಕಂದಿನ ಒಳಗಿನ ಎಳೆ ತುದಿಯನ್ನು ತೆಗೆದು ಬಾಟಲಿಯಲ್ಲಿ ಬೆಳೆಸುತ್ತಾರಲ್ಲ, ಆ ತುದಿಯ ಕೋಶ ಎಲೆಯೂ ಆಗಬಲ್ಲದು, ಬೇರೂ ಆಗಬಲ್ಲದು. ಏನಾಗಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲದ ಕೋಶ. ಮನುಷ್ಯರಲ್ಲಿ ಇಂಥ ಕೋಶವನ್ನು ಮೊದಲು ಬೆಳೆಸಿದ್ದು 1998ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಜೇಮ್ಸ್ ಥಾಮ್ಸನ್ ತಂಡ.

ಬಾಳೆಗೂ ಭ್ರೂಣಕ್ಕೂ ಹೋಲಿಕೆ ಇಲ್ಲಿಗೆ ಮುಗಿಯಿತು. ಒಳಗಿನ ಗುಂಪನ್ನು ಬಿಡಿಸಿದ ಮೇಲೆ ಆ ಭ್ರೂಣ ಉಳಿಯುವುದಿಲ್ಲ. ಅತ್ತೆ "ಕೊಯ್ಯೋದು" ಅಂದಿದ್ದು ಒರಟು ಮಾತು, ಆದರೆ ಸುಳ್ಳಲ್ಲ. ಇದನ್ನು ಮುಚ್ಚಿಟ್ಟು ಅವರನ್ನು ಒಪ್ಪಿಸಬೇಡಿ.

ಈಗ ಅದರಲ್ಲಿ ಜೀವ ಬಂದಿದೆಯಾ? ಕೋಶಕ್ಕೆ ಜೀವ ಇದೆ, ಅದರಲ್ಲಿ ಅನುಮಾನ ಇಲ್ಲ. ಅತ್ತೆ ಕೇಳುತ್ತಿರುವುದು ಆ ಜೀವವನ್ನಲ್ಲ, ಆತ್ಮವನ್ನು. ಅಲ್ಲಿ ನಮ್ಮ ಗ್ರಂಥಗಳೇ ಒಂದು ಮಾತಿಗೆ ನಿಂತಿಲ್ಲ. ಗರ್ಭೋಪನಿಷತ್ತು ದಿನ ಲೆಕ್ಕ ಹಾಕಿ ಹೇಳುತ್ತದೆ: ಒಂದು ರಾತ್ರಿಗೆ ಕಲಿಲ, ಅಂದರೆ ಲೋಳೆ. ಏಳು ರಾತ್ರಿಗೆ ಗುಳ್ಳೆ. ಹದಿನೈದು ದಿನಕ್ಕೆ ಪಿಂಡ. ಜೀವ ಬಂದು ಸೇರುವುದು ಏಳನೇ ತಿಂಗಳಲ್ಲಿ. (ಆ ಗುಳ್ಳೆ ಅನ್ನುವ ಮಾತು ಓದಿದಾಗಲೆಲ್ಲ ನನಗೆ ಮೈಕ್ರೋಸ್ಕೋಪ್ ನೆನಪಾಗುತ್ತದೆ. ಹಾಗಂತ ಅವರಿಗೆ ಎಲ್ಲ ಗೊತ್ತಿತ್ತು ಅಂತ ನಾನು ಹೇಳುವುದಿಲ್ಲ.) ಚರಕ ಸಂಹಿತೆ ಬೇರೆಯೇ ಹೇಳುತ್ತದೆ. ಅಲ್ಲಿ ಗಂಡಿನ ಬೀಜ, ಹೆಣ್ಣಿನ ಬೀಜ, ಜೀವ ಈ ಮೂರೂ ಒಟ್ಟಿಗೆ ಸೇರಿದಾಗಲೇ ಗರ್ಭ. ಅಂದರೆ ಜೀವ ಮೊದಲ ಕ್ಷಣದಿಂದಲೇ ಇದೆ. ಆದರೆ ಚರಕ ಇನ್ನೊಂದು ಮಾತು ಸೇರಿಸುತ್ತಾನೆ: ಅದು ಹೊಟ್ಟೆಯೊಳಗೆ ನಡೆದಾಗ ಅದಕ್ಕೆ ಗರ್ಭ ಅಂತ ಹೆಸರು. ನಿಮ್ಮ ಮೂರು ಭ್ರೂಣಗಳು ಇನ್ನೂ ಹೊಟ್ಟೆಗೆ ಹೋಗಿಲ್ಲ. ಈ ಒಂದು ಪದ ಹಿಡಿದು ಜಾರಿಕೊಳ್ಳಬಹುದು. ನಾನು ಜಾರಿಕೊಳ್ಳುವುದಿಲ್ಲ. ಪ್ರಯೋಗಶಾಲೆಯ ತಟ್ಟೆಯಲ್ಲಿ ಗರ್ಭ ಕಟ್ಟುತ್ತದೆ ಅಂತ ಚರಕ ಕನಸಲ್ಲೂ ಎಣಿಸಿರಲಿಕ್ಕಿಲ್ಲ. ಅವನು ಕಾಣದ ವಿಷಯಕ್ಕೆ ಅವನ ಸಾಕ್ಷಿ ತರುವುದು ಸರಿಯಲ್ಲ.

ಗ್ರಂಥಕ್ಕಿಂತ ನಮ್ಮ ಮನೆಗಳ ನಡವಳಿಕೆ ನನಗೆ ಜಾಸ್ತಿ ಹೇಳುತ್ತದೆ. ಪುಂಸವನ ಸಂಸ್ಕಾರ ಗರ್ಭದ ಮೂರನೇ ತಿಂಗಳಲ್ಲಿ. ಸೀಮಂತ ಅದರ ಮೇಲೆ. ಲಿಂಗಾಯತರ ಮನೆಗಳಲ್ಲಿ ಗರ್ಭದಲ್ಲಿರುವ ಮಗುವಿಗೆ ಎಂಟನೇ ತಿಂಗಳಲ್ಲಿ ಲಿಂಗಧಾರಣೆ ಮಾಡುತ್ತಾರೆ. ನಾಲ್ಕು ತಿಂಗಳೊಳಗೆ ಗರ್ಭ ಇಳಿದರೆ ಅದನ್ನು ಸ್ರಾವ ಅಂತ ಕರೆದು, ತಾಯಿಗೆ ಎಷ್ಟು ತಿಂಗಳೋ ಅಷ್ಟು ದಿನದ ಸೂತಕ ಹೇಳುತ್ತದೆ ಧರ್ಮಶಾಸ್ತ್ರ. ದೊಡ್ಡವರು ತೀರಿಕೊಂಡಾಗ ಮಾಡುವ ಹತ್ತು ದಿನದ ಕ್ರಿಯೆ ಅದಕ್ಕಿಲ್ಲ. ಶ್ರಾದ್ಧ ಇಲ್ಲ. ಅಂದರೆ ನಮ್ಮ ಹಿರಿಯರು ಗರ್ಭಕ್ಕೆ ಬೆಲೆ ಕೊಟ್ಟರು, ಆದರೆ ಒಂದೇ ಬೆಲೆ ಕೊಡಲಿಲ್ಲ. ತಿಂಗಳು ಏರಿದ ಹಾಗೆ ಬೆಲೆ ಏರುತ್ತಾ ಹೋಗುತ್ತದೆ. ಭ್ರೂಣಹತ್ಯೆಯನ್ನು ಮಹಾಪಾಪ ಅಂದವರೂ ಅವರೇ. ಎರಡೂ ಒಟ್ಟಿಗೆ ಇದ್ದವು.

ಅಕ್ಕಪಕ್ಕದವರನ್ನು ಕೇಳಿದರೆ ಗೆರೆ ಇನ್ನೂ ಸರಿಯುತ್ತದೆ. ಶಿವಮೊಗ್ಗದ ಯಾವುದೇ ಕ್ಯಾಥೊಲಿಕ್ ಪಾದ್ರಿಯನ್ನು ಕೇಳಿ, ಉತ್ತರ ಒಂದೇ: ಗರ್ಭಧಾರಣೆಯ ಕ್ಷಣದಿಂದ ಅದು ಮನುಷ್ಯನಂತೆಯೇ ಗೌರವಕ್ಕೆ ಅರ್ಹ, ಒಡೆಯುವಂತಿಲ್ಲ. ವ್ಯಾಟಿಕನ್ 2008ರಲ್ಲೂ ಇದನ್ನೇ ಬರೆದು ಹೇಳಿತು. ಅವರು ಐವಿಎಫ್ ಅನ್ನೇ ಒಪ್ಪುವುದಿಲ್ಲ, ಆ ಮಟ್ಟಿಗೆ ಅವರ ಮಾತಿನಲ್ಲಿ ಬಿರುಕಿಲ್ಲ. ಬೆಳೆದ ಮನುಷ್ಯನ ದೇಹದಿಂದ ತೆಗೆದ ಸ್ಟೆಮ್ ಸೆಲ್‌ಗೆ ಅವರ ಅಡ್ಡಿ ಇಲ್ಲ. ಮುಸ್ಲಿಂ ವಿದ್ವಾಂಸರಲ್ಲಿ ಬಹಳ ಜನ 120 ದಿನಕ್ಕೆ ರೂಹ್, ಅಂದರೆ ಆತ್ಮ, ಬರುತ್ತದೆ ಅನ್ನುತ್ತಾರೆ. ಕೆಲವರು 40 ದಿನ ಅನ್ನುತ್ತಾರೆ. ಇಸ್ಲಾಂ ಧರ್ಮಶಾಸ್ತ್ರದ ವಿದ್ವಾಂಸರ ಮೆಕ್ಕಾದ ಫಿಕ್ಹ್ ಪರಿಷತ್ತು 2003ರಲ್ಲಿ ಐವಿಎಫ್‌ನಲ್ಲಿ ಉಳಿದ ಭ್ರೂಣ ಬಳಸಬಹುದು ಅಂದಿತು. ಅದೇ ವರ್ಷ ಇರಾನಿನ ರೋಯಾನ್ ಸಂಸ್ಥೆ ತನ್ನದೇ ಸ್ಟೆಮ್ ಸೆಲ್ ಬೆಳೆಸಿತು. ಯಹೂದಿಗಳ ಧರ್ಮಗ್ರಂಥ ತಾಲ್ಮುಡ್‌ಗೆ 40 ದಿನದವರೆಗಿನದು ಬರೀ ನೀರು. ಇನ್ನು ನಮ್ಮ ಹೊಂಬುಜದ ಕಡೆಯ ಜೈನರಿಗೆ ಇದು ತುಂಬ ಕಷ್ಟದ ಪ್ರಶ್ನೆ. ಜೀವ ಒಂದು ದೇಹ ಬಿಟ್ಟ ಕ್ಷಣಮಾತ್ರದಲ್ಲಿ ಇನ್ನೊಂದು ಹುಟ್ಟು ಹಿಡಿಯುತ್ತದೆ ಅನ್ನುವವರು ಅವರು. ಏಳನೇ ತಿಂಗಳವರೆಗೆ ಕಾಯುವ ಮಾತು ಅಲ್ಲಿ ನಡೆಯುವುದಿಲ್ಲ.

ವಿಜ್ಞಾನಿಗಳೂ ಒಂದು ಗೆರೆ ಎಳೆದುಕೊಂಡಿದ್ದಾರೆ: ಹದಿನಾಲ್ಕು ದಿನ. 1984ರಲ್ಲಿ ಬ್ರಿಟನ್ನಿನ ವಾರ್ನಾಕ್ ಸಮಿತಿ ಸೂಚಿಸಿದ್ದು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಿಯಮದಲ್ಲೂ ಅದನ್ನು ದಾಟಿ ಭ್ರೂಣವನ್ನು ತಟ್ಟೆಯಲ್ಲಿ ಬೆಳೆಸುವಂತಿಲ್ಲ. ಹದಿನಾಲ್ಕೇ ಯಾಕೆ? ಹೆಚ್ಚುಕಡಿಮೆ ಆ ಹೊತ್ತಿಗೆ ಬೆನ್ನು ಎಲ್ಲಿ ಬರಬೇಕು ಅಂತ ತೋರಿಸುವ ಮೊದಲ ಗೀರು ಮೂಡುತ್ತದೆ. ಅದಕ್ಕೆ ಮೊದಲು ಒಂದೇ ಭ್ರೂಣ ಎರಡಾಗಿ ಒಡೆದು ಅವಳಿ ಆಗಬಹುದು. ಇದನ್ನು ಒಮ್ಮೆ ಅತ್ತೆಯ ಹತ್ತಿರ ಸುಮ್ನೆ ಕೇಳಿ ನೋಡಿ: ಐದನೇ ದಿನ ಆತ್ಮ ಒಂದೇ ಇದ್ದರೆ, ಹತ್ತನೇ ದಿನ ಇಬ್ಬರಾದಾಗ ಎರಡನೆಯದು ಎಲ್ಲಿಂದ ಬಂತು? ಅವರ ಹತ್ತಿರ ಉತ್ತರ ಇದ್ದರೆ ನನಗೂ ತಿಳಿಸಿ. ವಾದ ಗೆಲ್ಲಲು ಹೇಳುತ್ತಿಲ್ಲ, ನಿಜಕ್ಕೂ ನನಗೆ ಇದು ಬಿಡಿಸದ ಗಂಟು.

ಗಾಂಧಾರಿಯ ಪಿಂಡವನ್ನು ನೂರೊಂದು ಮಾಡಿ ತುಪ್ಪದ ಕೊಡದಲ್ಲಿ ಇಟ್ಟ ಕತೆಯನ್ನು ಯಾರಾದರೂ ತರುತ್ತಾರೆ. 2019ರ ಸೈನ್ಸ್ ಕಾಂಗ್ರೆಸ್‌ನಲ್ಲೇ ಒಬ್ಬರು ಕೌರವರು ಸ್ಟೆಮ್ ಸೆಲ್‌ನಿಂದ ಹುಟ್ಟಿದವರು ಅಂದುಬಿಟ್ಟರು. ಕತೆ ಚೆನ್ನಾಗಿದೆ. ನಿಮ್ಮ ಫಾರಂ ತುಂಬಲು ಅದರಿಂದ ಉಪಯೋಗ ಇಲ್ಲ.

ಹಾಗಾದರೆ ಕೊಡಬೇಕಾ? ಆ ಮೂರೂ ಭ್ರೂಣ ಮಕ್ಕಳಾಗುವ ದಾರಿಯನ್ನು ನೀವಿಬ್ಬರೂ ಈಗಾಗಲೇ ಮುಚ್ಚಿದ್ದೀರಿ. ತಪ್ಪು ಅನ್ನುತ್ತಿಲ್ಲ. ಆದರೆ ನಿಜವಾದ ತೀರ್ಮಾನ ಅಲ್ಲೇ ಆಗಿಹೋಗಿದೆ. ಐವಿಎಫ್‌ನಂಥ ಚಿಕಿತ್ಸೆಗಳಿಗೆ ಅಂತ ಮಾಡಿದ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಭ್ರೂಣವನ್ನು ಹತ್ತು ವರ್ಷಕ್ಕಿಂತ ಜಾಸ್ತಿ ಇಡುವಂತಿಲ್ಲ. ಆಮೇಲೆ ಅಳಿಯಲು ಬಿಡಬೇಕು, ಇಲ್ಲವೇ ನಿಮ್ಮ ಒಪ್ಪಿಗೆ ಪಡೆದು ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಅಂದರೆ ಪ್ರತಿವರ್ಷ "ಇನ್ನೂ ಇಡಿ" ಅಂತ ಟಿಕ್ ಹಾಕಿ ಹಣ ಕಟ್ಟಿದರೂ ಪ್ರಶ್ನೆ ಮುಂದಕ್ಕೆ ಹೋಗುತ್ತದೆ ಅಷ್ಟೆ. ಅಳಿಯಲು ಬಿಡುವುದಕ್ಕೂ ಕೈಯಾರೆ ಬಿಡಿಸುವುದಕ್ಕೂ ವ್ಯತ್ಯಾಸ ಇದೆ ಅಂತ ಅತ್ತೆ ಹೇಳಬಹುದು. ಇದೆ. ವೆಂಟಿಲೇಟರ್ ತೆಗೆಯುವ ಹೊತ್ತಿನಲ್ಲಿ ಎಷ್ಟೋ ಮನೆಯವರು ಇದೇ ವ್ಯತ್ಯಾಸ ಹಿಡಿದು ಅತ್ತಿದ್ದನ್ನು ನೋಡಿದ್ದೇನೆ. ಆದರೂ ನನ್ನ ಮನೆಯ ಪ್ರಶ್ನೆಯಾಗಿದ್ದರೆ ನಾನು ಕೊಡುತ್ತಿದ್ದೆ. ಹೇಗೂ ಉಳಿಯದ್ದು ಇನ್ನೊಬ್ಬರ ಕಣ್ಣಿಗೋ ರಕ್ತಕ್ಕೋ ದಾರಿ ತೋರಿಸುವುದಾದರೆ ಅದು ನನಗೆ ದಾನದ ಹತ್ತಿರ ಕಾಣುತ್ತದೆ, ಹತ್ಯೆಯ ಹತ್ತಿರ ಅಲ್ಲ.

ಸಂಶೋಧನೆಗೆ ಭ್ರೂಣ ಇನ್ನೂ ಬೇಕಾ ಅನ್ನುವುದು ನ್ಯಾಯವಾದ ಪ್ರಶ್ನೆ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಭ್ರೂಣದ ಸ್ಟೆಮ್ ಸೆಲ್‌ನಂತೆ ಮಾಡಿದರು. 2012ರಲ್ಲಿ ನೊಬೆಲ್ ಬಂತು. ಅರ್ಧ ಜಗಳ ಅಲ್ಲಿಗೆ ತಣ್ಣಗಾಯಿತು. ಅರ್ಧ ಮಾತ್ರ. ಹೀಗೆ ಮಾಡಿದ ಕೋಶ ಸರಿಯಾಗಿದೆಯಾ ಅಂತ ನೋಡಲು ಭ್ರೂಣದ ಕೋಶವನ್ನೇ ಪಕ್ಕದಲ್ಲಿ ಇಟ್ಟು ಹೋಲಿಸಬೇಕು. ಸಕ್ಕರೆ ಕಾಯಿಲೆಯಲ್ಲಿ, ಅದೂ ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲೇ ಶುರುವಾಗುವ ಟೈಪ್ 1ರಲ್ಲಿ, ಭ್ರೂಣದ ಸ್ಟೆಮ್ ಸೆಲ್‌ನಿಂದ ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಕೊಟ್ಟ ಒಂದು ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಪೂರ್ತಿ ಡೋಸ್ ಪಡೆದ ಹನ್ನೆರಡು ಜನರಲ್ಲಿ ಹತ್ತು ಜನಕ್ಕೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚುಮದ್ದು ಬೇಕಾಗಲಿಲ್ಲ. ದೇಹ ತಿರಸ್ಕರಿಸದಂತೆ ಔಷಧಿ ಮಾತ್ರ ನುಂಗುತ್ತಲೇ ಇರಬೇಕು.

ನಮ್ಮ ರಾಜ್ಯದಲ್ಲೂ ಇದು ನಡೆದಿದೆ. ಬೆಂಗಳೂರಿನ ಜಕ್ಕೂರಿನ ವಿಜ್ಞಾನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್‌ನವರು 2009ರಲ್ಲಿ ಎರಡು ಸ್ಟೆಮ್ ಸೆಲ್ ಸಾಲುಗಳನ್ನು, ಅಂದರೆ ತಟ್ಟೆಯಲ್ಲಿ ಬೆಳೆಯುತ್ತಲೇ ಹೋಗುವ ಕೋಶಗಳ ಸಂತತಿಯನ್ನು, ಪ್ರಕಟಿಸಿದರು. ಅದಕ್ಕೆ ಬಳಸಿದ್ದು ಐವಿಎಫ್‌ನಲ್ಲಿ ಗುಣಮಟ್ಟ ಸಾಲದು ಅಂತ ಪಕ್ಕಕ್ಕಿಟ್ಟ ಭ್ರೂಣಗಳು. ಯಾವ ತಾಯಿಯ ಹೊಟ್ಟೆಗೂ ಹಾಕುವಂತಿರಲಿಲ್ಲ. ಈ ವಿಷಯ ಅತ್ತೆಗೆ ಸ್ವಲ್ಪ ಸಮಾಧಾನ ಕೊಡಬಹುದು.

ಆದರೆ ಕೊಡುವುದಾದರೆ ಸುಮ್ನೆ ಟಿಕ್ ಹಾಕಿ ಕೊಡಬೇಡಿ. ಯಾವ ಸಂಸ್ಥೆಗೆ, ಅದು ಕಾಯ್ದೆಯಡಿ ನೋಂದಾಯಿಸಿದೆಯಾ, ಅಲ್ಲಿ ಸ್ಟೆಮ್ ಸೆಲ್‌ಗೆ ಅಂತಲೇ ಇರುವ ಸಮಿತಿ ಒಪ್ಪಿದೆಯಾ ಅಂತ ಹೆಸರು ಹಿಡಿದು ಬರವಣಿಗೆಯಲ್ಲಿ ಕೇಳಿ. ಹೆಸರು ಹೇಳಲು ತಡವರಿಸಿದರೆ "ಅಳಿಯಲು ಬಿಡಿ" ಅನ್ನುವುದೇ ಒಳ್ಳೆಯದು. ಇದಕ್ಕೆ ನಿಮಗೆ ಯಾರೂ ಹಣ ಕೊಡುವಂತಿಲ್ಲ, ನೀವು ಕೇಳುವಂತಿಲ್ಲ. ಬಳಸುವ ಮೊದಲು ಮನಸ್ಸು ಬದಲಾದರೆ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಸಹಿ ನಿಮ್ಮಿಬ್ಬರದೇ ಸಾಕು, ಕಾಯ್ದೆ ಅತ್ತೆಯನ್ನು ಕೇಳುವುದಿಲ್ಲ. ಮನೆ ಕೇಳುತ್ತದೆ, ಅಲ್ವಾ? ಐವಿಎಫ್ ಮಾಡಿಸಿದಾಗಲೂ ಕೆಲವು ಭ್ರೂಣ ತಟ್ಟೆಯಲ್ಲೇ ನಿಂತುಹೋಗಿರುತ್ತವೆ, ಆಗ ಯಾರೂ ಊಟ ಬಿಡಲಿಲ್ಲ ಅಂತ ನಿಮ್ಮ ಯಜಮಾನರ ಬಾಯಿಗೆ ಬಂದೀತು. ಆ ಮಾತು ಬೇಡ. ಮೊಮ್ಮಗಳ ಮುಖ ನೋಡಿದ ಮೇಲೆ ಅವರಿಗೆ ಆ ಮೂರೂ ಮುಖ ಇರುವ ಮಕ್ಕಳೇ. ಬೇಕಿದ್ದರೆ ಆ ದಿನ ತುಂಗೆಯಲ್ಲಿ ಒಂದು ದೀಪ ಬಿಡಲಿ. ಅದಕ್ಕೆ ಶಾಸ್ತ್ರದ ಪುಸ್ತಕ ಹುಡುಕುವುದು ಬೇಡ.

ಇನ್ನು ಮೈದುನನ ವಿಷಯ. ಇಲ್ಲಿ ನಾನು ಅಷ್ಟು ಮೆತ್ತಗೆ ಮಾತಾಡುವುದಿಲ್ಲ.

"ಭ್ರೂಣ ಇಲ್ಲ, ಪಾಪದ ಮಾತೇ ಇಲ್ಲ" ಅನ್ನುವುದು ವ್ಯಾಪಾರದ ಮಾತು. ನಮ್ಮಂಥವರ ಮನಸ್ಸಿನಲ್ಲಿ ಯಾವ ಅಳುಕು ಇರುತ್ತದೆ ಅಂತ ಅವರಿಗೆ ಗೊತ್ತು. ಆ ಅಳುಕನ್ನು ಮೊದಲೇ ತೆಗೆದುಬಿಟ್ಟರೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಆರು ಲಕ್ಷ ತೆಗೆದುಕೊಂಡು, ಕೆಲಸ ಮಾಡುತ್ತದೆ ಅಂತ ಸಾಬೀತಾಗದ್ದನ್ನು ಚಿಕಿತ್ಸೆ ಅಂತ ಮಾರುವುದು ಪಾಪ ಅಲ್ಲವಾ? ಅತ್ತೆ ಕೇಳಬೇಕಾಗಿದ್ದ ಎರಡನೇ ಪ್ರಶ್ನೆ ಇದು.

ಭಾರತದಲ್ಲಿ ಸ್ಟೆಮ್ ಸೆಲ್‌ನಿಂದ ದಿನನಿತ್ಯದ ಚಿಕಿತ್ಸೆ ಅಂತ ಒಪ್ಪಿರುವುದು ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಕೆಲವನ್ನು ಮಾತ್ರ. ಮುಂಬೈನ ಟಾಟಾ ಆಸ್ಪತ್ರೆಯಲ್ಲಿ 1983ರಿಂದ ಅದು ನಡೆಯುತ್ತಿದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು ಸುಟ್ಟ ಕಣ್ಣಿಗೆ ಇನ್ನೊಂದು ಕಣ್ಣಿನ ಅಂಚಿನ ಸ್ಟೆಮ್ ಸೆಲ್ ಹಾಕಿ ದೃಷ್ಟಿ ತಂದುಕೊಟ್ಟಿದ್ದಾರೆ. ಎಲೆ ಅಡಿಕೆಯ ಸುಣ್ಣ ಮಗುವಿನ ಕಣ್ಣಿಗೆ ಸಿಡಿದಿದ್ದನ್ನು ಕಂಡ ನಮ್ಮ ಊರಿನವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಬೆನ್ನುಹುರಿ ಆ ಪಟ್ಟಿಯಲ್ಲಿ ಇಲ್ಲ. ಐಸಿಎಂಆರ್‌ನ 2007ರ ನಿಯಮಗಳ ಹೆಸರಿನಲ್ಲಿ "ಸಂಶೋಧನೆ ಮತ್ತು ಚಿಕಿತ್ಸೆ" ಅಂತ ಇತ್ತು. 2013ರಲ್ಲಿ "ಚಿಕಿತ್ಸೆ" ಅನ್ನುವ ಪದವನ್ನೇ ತೆಗೆದುಹಾಕಿದರು. ಇಂಥ ಕ್ಲಿನಿಕ್‌ಗಳಿಗೆ ಆ ಪದ ಆಸರೆಯಾಗಬಾರದು ಅಂತ.

ಬೆನ್ನುಹುರಿಗೆ ಏನೂ ಆಗುತ್ತಿಲ್ಲ ಅಂತ ಅಲ್ಲ. ಜಪಾನಿನ ಕೆಯೊ ವಿಶ್ವವಿದ್ಯಾಲಯದಲ್ಲಿ ಯಮನಾಕ ವಿಧಾನದ ಕೋಶದಿಂದ ನರಕೋಶದ ಮೊಳಕೆ ಬೆಳೆಸಿ ನಾಲ್ವರಿಗೆ ಹಾಕಿದರು. 2025ರಲ್ಲಿ ಹೇಳಿದ ಪ್ರಕಾರ ಇಬ್ಬರಲ್ಲಿ ಸುಧಾರಣೆ ಕಂಡಿತು, ಅದರಲ್ಲಿ ಒಬ್ಬರು ಎದ್ದು ನಿಂತರು. ಆಸೆ ಹುಟ್ಟುತ್ತದೆ, ನಿಜ. ಆದರೆ ನಾಲ್ಕೇ ಜನ. ಅದೂ ಏಟು ಬಿದ್ದ ಎರಡರಿಂದ ನಾಲ್ಕು ವಾರದೊಳಗೆ. ನಿಮ್ಮ ಮೈದುನನಿಗೆ ಎರಡು ವರ್ಷ ಆಗಿದೆ. ಮತ್ತೆ ಅದು ಕೊಬ್ಬಿನ ಕೋಶ ಅಲ್ಲ. ಕೊಬ್ಬಿನಿಂದ ತೆಗೆದದ್ದು ಬೆನ್ನುಹುರಿಯ ನರವಾಗಿ ಕೂಡಿಕೊಳ್ಳುತ್ತದೆ ಅನ್ನಲು ನಂಬುವಂಥ ಆಧಾರ ಇಲ್ಲ. "ನಿಮ್ಮದೇ ಕೋಶ, ತೊಂದರೆ ಏನೂ ಇಲ್ಲ" ಅನ್ನುವುದೂ ಸರಿಯಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ತಮ್ಮದೇ ಕೊಬ್ಬಿನ ಕೋಶವನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಹೆಂಗಸರ ದೃಷ್ಟಿ ಹೋಯಿತು. 2017ರಲ್ಲಿ ವರದಿ ಬಂತು.

ಕ್ಲಿನಿಕ್‌ಗೆ ಫೋನ್ ಮಾಡಿ ಒಂದು ಮಾತು ಕೇಳಿ: ಇದು ಸಿಟಿಆರ್‌ಐನಲ್ಲಿ, ಅಂದರೆ ನಮ್ಮ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಯಲ್ಲಿ, ನೋಂದಣಿ ಆಗಿದೆಯಾ? ನಂಬರ್ ಕೊಡಿ. ನಂಬರ್ ಇದ್ದರೆ ಅದು ಪ್ರಯೋಗ, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ನಂಬರ್ ಇಲ್ಲದಿದ್ದರೆ ಅದು ಪ್ರಯೋಗವೂ ಅಲ್ಲ, ಒಪ್ಪಿದ ಚಿಕಿತ್ಸೆಯೂ ಅಲ್ಲ. ಎರಡು ದಾರಿಯಲ್ಲೂ ಆರು ಲಕ್ಷಕ್ಕೆ ಜಾಗ ಇಲ್ಲ.

ನಾನು ಇಷ್ಟು ಗಟ್ಟಿಯಾಗಿ ಹೇಳಲು ಒಂದು ಕಾರಣ ಇದೆ. ಬಹಳ ವರ್ಷದ ಹಿಂದೆ ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದಿದ್ದರು. ಸ್ನಾಯು ಸವೆಯುವ ಕಾಯಿಲೆ, ಹುಡುಗನಿಗೆ ಒಂಬತ್ತು ವರ್ಷ. ದೂರದ ಊರಿನ ಸ್ಟೆಮ್ ಸೆಲ್ ಜಾಹೀರಾತು ತೋರಿಸಿದರು. ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವರ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. "ನೋಡಿ, ಒಮ್ಮೆ ಹೋಗಿ ಬನ್ನಿ" ಅಂದೆ. ಅರ್ಧ ಎಕರೆ ತೋಟ ಮಾರಿ ಹೋಗಿ ಬಂದರು. ಮುಂದಿನ ಮಳೆಗಾಲದ ಹೊತ್ತಿಗೆ ಹುಡುಗ ನಡೆಯುವುದನ್ನು ಬಿಟ್ಟಿದ್ದ, ಕಾಯಿಲೆ ಹೇಗೆ ಹೋಗುತ್ತದೋ ಹಾಗೆಯೇ. ಆ ತಂದೆ ನನ್ನ ಮೇಲೆ ಸಿಟ್ಟಾಗಲಿಲ್ಲ. "ಡಾಕ್ಟರೇ, ನೀವು ಹೇಳಿದ್ದಕ್ಕೆ ಧೈರ್ಯ ಬಂತು" ಅಂದಿದ್ದರು. ಭ್ರೂಣದ ಮೇಲೆ ನೂರು ಗಂಟೆ ಚರ್ಚೆ ಮಾಡಿದ್ದೇನೆ. ಆ ಒಂದು ವಾಕ್ಯದಷ್ಟು ಯಾವುದೂ ನನ್ನನ್ನು ಕಾಡಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ನೆನಪೂ ಇದೆ. ಸಾಗರದ ಹಂದಿಗೋಡಿನಲ್ಲಿ 1970ರ ದಶಕದಿಂದ ಕೀಲು ಸವೆಸುವ ಒಂದು ವಂಶದ ಕಾಯಿಲೆ ಇದೆ. ಸಂಶೋಧಕರು ಬಂದರು, ರಕ್ತ ತೆಗೆದುಕೊಂಡು ಹೋದರು. ಮನೆಗಳಲ್ಲಿ ನೋವು ಹಾಗೇ ಉಳಿಯಿತು. ಇಂಥ ಕಡೆ ಸ್ಟೆಮ್ ಸೆಲ್ ಅನ್ನುವ ಪದ ಹೊತ್ತುಕೊಂಡು ಯಾರಾದರೂ ಬಂದರೆ ಬಾಗಿಲು ತಕ್ಷಣ ತೆರೆಯುತ್ತದೆ. ಅದಕ್ಕೇ ಹೆದರಿಕೆ.

ಆರು ಲಕ್ಷ ಇದೆ ಅಂದರೆ ಅದನ್ನು ಮೈದುನನ ದಿನಗಳಿಗೆ ಖರ್ಚು ಮಾಡಿ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಪುನಶ್ಚೇತನ ವಿಭಾಗ ಕಟ್ಟಿದವರು ಡಾ. ಮೇರಿ ವರ್ಗೀಸ್. 1954ರ ಅಪಘಾತದಲ್ಲಿ ಅವರ ಬೆನ್ನುಹುರಿಗೇ ಏಟು ಬಿದ್ದಿತ್ತು. ಗಾಲಿಕುರ್ಚಿಯಲ್ಲಿ ಕೂತು ಆಪರೇಷನ್ ಮಾಡಿದವರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅಂಥ ವಿಭಾಗ ಇದೆ. ಅಲ್ಲಿ ನಡೆಸಿಬಿಡುತ್ತೇವೆ ಅನ್ನುವುದಿಲ್ಲ. ಹಾಸಿಗೆಯಿಂದ ಕುರ್ಚಿಗೆ ತಾನೇ ಜಾರುವುದು, ಹೊತ್ತಿಗೆ ಸರಿಯಾಗಿ ತಾನೇ ಪೈಪ್ ಹಾಕಿ ಮೂತ್ರ ತೆಗೆಯುವುದು, ಕೂತು ಮಾಡುವ ಕೆಲಸ, ಇವನ್ನು ಕಲಿಸುತ್ತಾರೆ. ಅಡಿಕೆ ಲೆಕ್ಕ, ಮಂಡಿ ವ್ಯವಹಾರ ಕೂತೇ ನೋಡಿಕೊಳ್ಳಬಹುದು. ಬಚ್ಚಲಿನ ಹೊಸಿಲು ತೆಗೆಸಿ, ಗಾಲಿಕುರ್ಚಿ ಹೋಗುವಷ್ಟು ಬಾಗಿಲು ಅಗಲ ಮಾಡಿಸಿ. ಮುಂದಿನ ವರ್ಷದ ಔಷಧಿಗೆ ನೆಲದಲ್ಲೇ ನಿಂತು ಉದ್ದ ಕೋಲಿನಿಂದ ಹೊಡೆಯುವ ದೋಟಿಯವರನ್ನು ಕರೆಸಿ, ಮರ ಹತ್ತಿಸಬೇಡಿ.

ಇವೆಲ್ಲಕ್ಕೂ ಮೊದಲು ಇವತ್ತು ಸಂಜೆ ಅವನನ್ನು ಮಗ್ಗುಲಿಗೆ ತಿರುಗಿಸಿ, ಸೊಂಟದ ಹಿಂದೆ ಮತ್ತು ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯಾ ನೋಡಿ. ಅವನಿಗೆ ನೋವು ಗೊತ್ತಾಗುವುದಿಲ್ಲ, ನೀವೇ ಕಣ್ಣಲ್ಲಿ ನೋಡಬೇಕು. ಗಾಯ ಆಗಿದ್ದರೆ ಫೋಟೋ ತೆಗೆದು, ಹಳೆಯ ಎಂಆರ್‌ಐ ರಿಪೋರ್ಟ್ ಜೊತೆ ನನಗೆ ಕಳಿಸಿ.